ವಾರ್ಡ್ ಚುನಾವಣೆ: ನಾಲ್ಕು ಕರಪತ್ರ ಮುಂದಿವೆ, ಓಡಾಟದ ವಿಷಯಕ್ಕೆ ಯಾರನ್ನು ನಂಬಲಿ?

ಬಸ್ಸಿಗೆ ಕಾಯುವವಳು ಕೇಳಿದ್ದು:

ಮುಂದಿನ ತಿಂಗಳು ನಮ್ಮ ವಾರ್ಡಿನಲ್ಲಿ ಚುನಾವಣೆ. ನಾಲ್ಕು ಕರಪತ್ರ ಹರಡಿಕೊಂಡು ಕೂತಿದ್ದೇನೆ. ಯಾವ ಪಕ್ಷ, ಯಾರು ಯಾರ ಕಡೆಯವರು ಅನ್ನುವ ಚರ್ಚೆ ಇಲ್ಲಿ ಬೇಡ. ನನಗೆ ಓಡಾಟದ ವಿಷಯ ಮಾತ್ರ ಸಾಕು.

ನಾನು ಕಾರೂ ಓಡಿಸುವುದಿಲ್ಲ, ಸ್ಕೂಟರೂ ಓಡಿಸುವುದಿಲ್ಲ. ಬೆಳಿಗ್ಗೆ 7.40ರ ಬಸ್ಸಿಗೆ ಕೆಲಸಕ್ಕೆ ಹೋಗುತ್ತೇನೆ. 7.40 ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಒಮ್ಮೊಮ್ಮೆ 7.35ಕ್ಕೇ ಹೋಗಿಬಿಟ್ಟಿರುತ್ತದೆ. ಒಮ್ಮೊಮ್ಮೆ 8.10ರವರೆಗೆ ಪತ್ತೆ ಇಲ್ಲ, ಆಮೇಲೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಮನೆಯಲ್ಲಿ ಅಪ್ಪ ಇದ್ದಾರೆ. 76 ವರ್ಷ, ಎಡ ಮಂಡಿ ಆಪರೇಷನ್ ಆಗಿದೆ, ಕೋಲು ಊರಿಕೊಂಡು ನಡೆಯುತ್ತಾರೆ. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ದೊಡ್ಡ ರಸ್ತೆ ದಾಟಬೇಕು. ಸಿಗ್ನಲ್ ಇದೆ, ಇಲ್ಲ ಅನ್ನುವುದಿಲ್ಲ. ಹಸಿರು ಹತ್ತಿದಾಗಿನಿಂದ ಗಾಡಿಗಳು ನುಗ್ಗುವವರೆಗೆ 14 ಸೆಕೆಂಡ್. ಫೋನಿನಲ್ಲಿ ಎಣಿಸಿದ್ದೇನೆ. ಅಪ್ಪನಿಗೆ ಬೇಕಾಗುವುದು 22. ಉಳಿದ ಎಂಟು ಸೆಕೆಂಡ್ ನಾನು ಗಾಡಿಗಳ ಕಡೆ ಅಂಗೈ ತೋರಿಸಿಕೊಂಡು ಅಡ್ಡ ನಡೆಯುತ್ತೇನೆ. ಅಪ್ಪ ಪ್ರತಿ ಸಲವೂ "ನೀನು ಮುಂದೆ ಹೋಗು, ನಾನು ಬರ್ತೀನಿ" ಅನ್ನುತ್ತಾರೆ. ಅದು ಕೇಳಿದಾಗಲೇ ನನಗೆ ಹೆಚ್ಚು ಭಯ.

ಈಗ ಕರಪತ್ರಗಳಿಗೆ ಬರೋಣ. ಮೊದಲನೆಯವರದು ದಪ್ಪ ಕಾಗದ, ಬಣ್ಣದ ಚಿತ್ರ, ಫ್ಲೈಓವರ್. ಚಿತ್ರದಲ್ಲಿ ಕಾರುಗಳಿವೆ, ಮರಗಳಿವೆ, ಹಕ್ಕಿ ಕೂಡ ಇದೆ. ನಡೆದು ಹೋಗುವವರು ಒಬ್ಬರೂ ಇಲ್ಲ. ಎರಡನೆಯವರು ಎಲ್ಲರಿಗೂ ಉಚಿತ ಬಸ್, ಅದೂ ಹತ್ತು ನಿಮಿಷಕ್ಕೊಂದು ಅನ್ನುತ್ತಾರೆ. ಮೂರನೆಯವರು ರಸ್ತೆ ಅಗಲ ಮಾಡಿ ಬಹುಮಹಡಿ ಪಾರ್ಕಿಂಗ್ ಕಟ್ಟುತ್ತಾರಂತೆ. ನಾಲ್ಕನೆಯವರು ಪಕ್ಷೇತರ, ನಿವೃತ್ತ ಟೀಚರ್. ಅವರದು ಬರೀ ಜೆರಾಕ್ಸ್ ಹಾಳೆ. ಮೂರು ಕಡೆ ಸಿಗ್ನಲ್ ಸಮಯ ಹೆಚ್ಚಿಸುವುದು, ರಸ್ತೆ ಮೂಲೆಗಳಲ್ಲಿ ಗಾಡಿ ನಿಲ್ಲಿಸದಂತೆ ಮಾಡುವುದು, ದೊಡ್ಡ ರಸ್ತೆಯಲ್ಲಿ ಆರು ತಿಂಗಳು ಬಸ್ ಲೇನ್, ಅಂದರೆ ಬಸ್ಸಿಗೆ ಮಾತ್ರ ಗೆರೆ ಎಳೆದು ಬಿಟ್ಟ ದಾರಿ, ಅದರ ಪ್ರಯೋಗ. ಇಷ್ಟೇ. ಓದುತ್ತಾ ಆಕಳಿಕೆ ಬಂತು, ಸುಳ್ಳು ಹೇಳುವುದಿಲ್ಲ.

ಯಾವುದು ಆಗುವ ಮಾತು, ಯಾವುದು ಸುಮ್ನೆ ಮಾತು ಅಂತ ತಿಳಿದುಕೊಳ್ಳುವುದು ಹೇಗೆ? ಮನೆಗೆ ಬಂದಾಗ ಏನು ಕೇಳಲಿ?

---

ಕೊನೇ ಸೀಟು:

ಆ ಹಕ್ಕಿ ಇದೆಯಲ್ಲ, ಅದಕ್ಕೆ ಮಾತ್ರ ಫ್ಲೈಓವರಿನಿಂದ ತೊಂದರೆ ಇಲ್ಲ.

---

ಹಳೇ ಟೈಂಕೀಪರ್:

ಮೇಡಂ, ನಾನು 31 ವರ್ಷ ಬಸ್ಸಿನ ಟೈಂಟೇಬಲ್ ಹಾಕಿದವನು. ಈಗ ನಿವೃತ್ತ. ಅದಕ್ಕೇ ಮೊದಲು ನಿಮ್ಮ ಎರಡನೇ ಕರಪತ್ರಕ್ಕೆ ಕೈ ಹಾಕುತ್ತೇನೆ, ಕ್ಷಮಿಸಿ.

"ಹತ್ತು ನಿಮಿಷಕ್ಕೊಂದು ಬಸ್" ಅಂದರೆ ಅದೊಂದು ಗುಣಾಕಾರ. ಬಸ್ ಹೊರಟು, ಆ ತುದಿ ಮುಟ್ಟಿ, ಡ್ರೈವರ್ ನೀರು ಕುಡಿದು, ವಾಪಸ್ ಬಂದು, ಮತ್ತೆ ಹೊರಡಲು 60 ನಿಮಿಷ ಬೇಕು ಅಂದುಕೊಳ್ಳಿ. ಅರ್ಧ ಗಂಟೆಗೊಂದು ಬಿಡಲು ಎರಡು ಬಸ್ ಸಾಕು. ಹತ್ತು ನಿಮಿಷಕ್ಕೊಂದು ಬಿಡಲು ಆರು ಬೇಕು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಂದರೆ ಎರಡು ಪಾಳಿ. ವಾರದ ರಜೆ, ಜ್ವರ, ಮನೆಯ ಕಾರ್ಯ ಎಲ್ಲ ಸೇರಿಸಿದರೆ ಒಂದು ಬಸ್ಸಿಗೆ ಎರಡೂವರೆಯಿಂದ ಮೂರು ಡ್ರೈವರ್. ಆರು ಬಸ್ಸಿಗೆ ಹದಿನೈದಕ್ಕೆ ಕಡಿಮೆ ಆಗುವುದಿಲ್ಲ. ಇದು ಒಂದು ರೂಟಿನ ಮಾತು. ಕೆಟ್ಟು ನಿಂತ ಬಸ್ಸಿಗೆ ಬದಲಿ ಬಸ್ಸನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ಅಭ್ಯರ್ಥಿ ಮನೆಗೆ ಬಂದರೆ ಒಂದೇ ಮಾತು ಕೇಳಿ: "ನಮ್ಮ ರೂಟಿಗೆ ಈಗ ಎಷ್ಟು ಬಸ್ ಇವೆ, ನೀವು ಎಷ್ಟು ಮಾಡ್ತೀರಿ?" ಎರಡನೇ ಪ್ರಶ್ನೆ ಬೇಕಾಗುವುದಿಲ್ಲ.

ಈಗ ಆಕಳಿಕೆ ಬರಿಸಿದ ಬಸ್ ಲೇನ್. ಅದೇ ರೂಟ್, ಅದೇ ಆರು ಬಸ್. ಟ್ರಾಫಿಕ್ಕಿನಲ್ಲಿ ನಿಲ್ಲುವ ಹತ್ತು ನಿಮಿಷ ಉಳಿದು 60 ಹೋಗಿ 50 ಆಯಿತು ಅನ್ನಿ. ಈಗ ಹತ್ತು ನಿಮಿಷಕ್ಕೊಂದು ಬಿಡಲು ಐದೇ ಬಸ್ ಸಾಕು. ಆರನೆಯದನ್ನು ಬೇರೆ ರೂಟಿಗೆ ಕೊಡಬಹುದು. ಡಬ್ಬದ ಬಣ್ಣದಲ್ಲಿ ಗೆರೆ ಎಳೆದು ಒಂದು ಬಸ್ಸು, ಎರಡೂವರೆ ಡ್ರೈವರ್ ಸಂಪಾದಿಸಿದ ಹಾಗೆ. ನಮ್ಮ ಸೆಕ್ಷನ್ನಿನಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಹೊಸ ಬಸ್ ಆದರೆ ಹಾರ ಹಾಕಿ ಫೋಟೋ ತೆಗೆಸಬಹುದು. ಬಿಳಿ ಗೆರೆಗೆ ಎಲ್ಲಿ ಹಾರ ಹಾಕುತ್ತೀರಿ?

ಎರಡು ಬಸ್ ಒಟ್ಟಿಗೆ ಬರುವುದಕ್ಕೂ ಡ್ರೈವರ್‌ಗಳನ್ನು ಬೈಯಬೇಡಿ. ಮುಂದಿನ ಬಸ್ ಎಲ್ಲೋ ಎರಡು ನಿಮಿಷ ತಡವಾಗುತ್ತದೆ. ಮುಂದಿನ ಸ್ಟಾಪಿನಲ್ಲಿ ಅಷ್ಟು ಹೊತ್ತಿಗೆ ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತುವುದರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಹತ್ತಿಸಿಕೊಳ್ಳಲು ಜನರೇ ಉಳಿದಿಲ್ಲ, ಅದು ಖಾಲಿ ಓಡಿ ಮುಂದಿನದನ್ನು ಹಿಡಿದುಬಿಡುತ್ತದೆ. ಎಲ್ಲ ಬಾಗಿಲಿನಿಂದ ಹತ್ತಲು ಬಿಟ್ಟರೆ, ಮಧ್ಯದ ಒಂದು ಸ್ಟಾಪಿನಲ್ಲಿ ಟೈಮಿಗೆ ಮುಂಚೆ ಬಂದ ಬಸ್ಸನ್ನು ಒಂದೆರಡು ನಿಮಿಷ ಹಿಡಿದು ನಿಲ್ಲಿಸಿದರೆ ಅಂತರ ಸರಿಹೋಗುತ್ತದೆ. ಖಾಲಿ ರಸ್ತೆಯಲ್ಲಿ ಬಸ್ ಯಾಕೆ ನಿಂತಿದೆ ಅಂತ ಒಳಗಿದ್ದವರು ಬೈಯುತ್ತಾರೆ, ಅದು ಬೇರೆ ಮಾತು.

ಉಚಿತ ಬಸ್ ವಿಷಯ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಸ್ಟೋನಿಯಾದ ಟ್ಯಾಲಿನ್ ನಗರ 2012ರಲ್ಲಿ ಜನಮತ ಕೇಳಿ, 2013ರ ಜನವರಿಯಿಂದ ಅಲ್ಲಿ ಹೆಸರು ನೋಂದಾಯಿಸಿದ ನಿವಾಸಿಗಳಿಗೆ ಟಿಕೆಟ್ ತೆಗೆದುಹಾಕಿತು. ಹತ್ತುವವರು ಹೆಚ್ಚಾದರು. ಆದರೆ ಅವರಲ್ಲಿ ಮೊದಲು ನಡೆದು ಹೋಗುತ್ತಿದ್ದವರೇ ಬಹಳ, ಕಾರು ಬಿಟ್ಟು ಬಂದವರು ಕಡಿಮೆ. ಇನ್ನೊಂದು ಜಾಣತನ ಅದರಲ್ಲಿತ್ತು. ಅಲ್ಲಿ ಆದಾಯ ತೆರಿಗೆಯ ಒಂದು ಪಾಲು ನೀವು ನೋಂದಾಯಿಸಿದ ಊರಿಗೆ ಹೋಗುತ್ತದೆ. ಉಚಿತ ಬಸ್ಸಿಗಾಗಿ ಹೆಸರು ಬರೆಸಿದವರಿಂದ ನಗರಕ್ಕೆ ತೆರಿಗೆ ಬಂತು.

ಫ್ರಾನ್ಸಿನ ಡಂಕರ್ಕ್ 2018ರ ಸೆಪ್ಟೆಂಬರಿನಲ್ಲಿ ಬೇರೆ ರೀತಿ ಮಾಡಿತು. ಉಚಿತ ಮಾಡುವುದರ ಜೊತೆಗೇ ರೂಟುಗಳನ್ನೂ ಹೊಸದಾಗಿ ಜೋಡಿಸಿತು. ಅಲ್ಲಿ ಟಿಕೆಟ್ ದುಡ್ಡು ಖರ್ಚಿನ ಹತ್ತರಲ್ಲಿ ಒಂದು ಪಾಲು ಅಷ್ಟೇ ಆಗಿತ್ತು, ಹಾಗಾಗಿ ಬಿಟ್ಟುಕೊಡುವುದು ಸುಲಭ. ನಿಮ್ಮಲ್ಲಿ ಟಿಕೆಟ್ಟಿನಿಂದ ಅರ್ಧ ಖರ್ಚು ಹುಟ್ಟುತ್ತಿದ್ದರೆ ಆ ಅರ್ಧ ಎಲ್ಲಿಂದ ಬರುತ್ತದೆ ಅಂತ ಕರಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಉಚಿತ ಬಸ್ ಇರುತ್ತದೆ, ಗಂಟೆಗೊಂದು ಇರುತ್ತದೆ.

ಕೊನೆಗೆ ನಿಮ್ಮ ಅಪ್ಪನ ಸಿಗ್ನಲ್. ನೀವು ರಸ್ತೆ ಅಳತೆ ಹೇಳಲಿಲ್ಲ, ಆದರೂ ಹೇಳುತ್ತೇನೆ, ಸುಮಾರು 17 ಮೀಟರ್ ಇರಬೇಕು. ಹೇಗೆ ಗೊತ್ತು? ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಇಟ್ಟುಕೊಂಡು ಸಿಗ್ನಲ್ ಹಾಕುವುದು ಬಹಳ ಕಡೆ ಹಳೇ ರೂಢಿ. 14ನ್ನು 1.2ರಿಂದ ಗುಣಿಸಿ ನೋಡಿ. ನಿಮ್ಮ ಅಪ್ಪ ನಡೆಯುವುದು ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಒಂದು ಕೂದಲು ಜಾಸ್ತಿ. ಅವರು ನಿಧಾನ ಅಲ್ಲ ಮೇಡಂ. ಲೆಕ್ಕ ಹಾಕಿದವನು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇದನ್ನು ಸರಿ ಮಾಡಲು ಸಿಮೆಂಟ್ ಬೇಡ, ಕಂಟ್ರೋಲ್ ಪೆಟ್ಟಿಗೆ ತೆರೆದು ಸಂಖ್ಯೆ ಬದಲಾಯಿಸಬೇಕು.

---

ನಾಲ್ಕು ಚಕ್ರ:

ಎಲ್ಲರೂ ಸೇರಿ ಕಾರಿನವರನ್ನು ಕಳ್ಳರ ಹಾಗೆ ಮಾಡಬೇಡಿ. ನಾನು ದಿನಾ 45 ನಿಮಿಷ ಜಾಮಿನಲ್ಲಿ ಕೂರುತ್ತೇನೆ. ನಾನೂ ತೆರಿಗೆ ಕಟ್ಟುತ್ತೇನೆ. ಬಸ್ ಹೋಗದ ಕಡೆ ನನಗೆ ಕೆಲಸ. ಫ್ಲೈಓವರ್ ಆದರೆ, ರಸ್ತೆ ಅಗಲ ಆದರೆ ತಪ್ಪೇನು?

---

ಹಳೇ ಟೈಂಕೀಪರ್:

ತಪ್ಪಲ್ಲ ಸಾರ್, ಪ್ರಯೋಜನ ಎಷ್ಟು ದಿನ ಅನ್ನುವುದು ಪ್ರಶ್ನೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ. 2008ರ ಹೊತ್ತಿಗೆ ಅಗಲ ಮಾಡಿ ಮುಗಿಸಿದರು. ಪಕ್ಕದ ಸರ್ವೀಸ್ ರಸ್ತೆಯೂ ಸೇರಿದರೆ ಕೆಲವು ಕಡೆ 26 ಲೇನ್. ಕೆಲವೇ ವರ್ಷಗಳಲ್ಲಿ ಬೆಳಿಗ್ಗೆ ಸಂಜೆಯ ಪ್ರಯಾಣ ಮತ್ತೆ ಉದ್ದವಾಯಿತು. ದಾರಿ ಖಾಲಿ ಕಂಡರೆ ಬೇರೆ ಹೊತ್ತಿಗೆ ಹೋಗುತ್ತಿದ್ದವರು, ಬೇರೆ ದಾರಿ ಹಿಡಿದವರು, ಬಸ್ಸಿನಲ್ಲಿದ್ದವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ನೀವೂ ಬರುತ್ತೀರಿ, ನಾನೂ ಬರುತ್ತೇನೆ.

ಎಲ್ಲ ಸೇತುವೆಯೂ ದಂಡ ಅಂತ ಅಲ್ಲ. ರೈಲ್ವೆ ಗೇಟಿನ ಮೇಲೆ ಸೇತುವೆ ಕಟ್ಟಿದರೆ ನಾನು ಚಪ್ಪಾಳೆ ಹೊಡೆಯುತ್ತೇನೆ. ಅಲ್ಲಿ ಗೇಟು ಬೀಳುವುದೇ ಅಡ್ಡಿ, ಸೇತುವೆ ಆ ಅಡ್ಡಿಯನ್ನು ದಾಟಿಸುತ್ತದೆ. ಆದರೆ ಒಂದು ಸರ್ಕಲ್ ಮೇಲೆ ಹಾರಿ ಮುಂದಿನ ಸರ್ಕಲ್ಲಿನಲ್ಲಿ ಇಳಿಯುವ ಫ್ಲೈಓವರ್ ಜಾಮನ್ನು ಹೊತ್ತು ಅಲ್ಲಿಗೆ ಮುಟ್ಟಿಸುತ್ತದೆ ಅಷ್ಟೇ.

ಅಂದಹಾಗೆ, ಮೇಲ್ರಸ್ತೆ ಒಡೆಯುತ್ತೇನೆ ಅಂತ ಹೇಳಿ ಚುನಾವಣೆ ಗೆದ್ದವರೂ ಇದ್ದಾರೆ. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ 2002ರಲ್ಲಿ ಲೀ ಮ್ಯುಂಗ್ ಬಾಕ್ ಮೇಯರ್ ಆದದ್ದು ಆ ಭರವಸೆ ಕೊಟ್ಟು. 2003ರಲ್ಲಿ ಒಡೆಯಲು ಶುರು, 2005ರಲ್ಲಿ ಅದರ ಕೆಳಗೆ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ತೊರೆ ಜನರಿಗೆ ತೆರೆಯಿತು. ಜನ ತೊರೆಯ ಫೋಟೋ ನೋಡುತ್ತಾರೆ. ನನ್ನಂಥವನು ನೋಡುವುದು 2004ರ ಜುಲೈ 1. ಅವತ್ತು ಇಡೀ ಊರಿನ ಬಸ್ ರೂಟು, ಬಣ್ಣ, ಟಿಕೆಟ್ ಕಾರ್ಡು, ರಸ್ತೆ ಮಧ್ಯದ ಬಸ್ ಲೇನ್ ಒಟ್ಟಿಗೇ ಬದಲಾಯಿಸಿದರು. ಮೊದಲ ದಿನ ಕಾರ್ಡ್ ಯಂತ್ರ ಕೈಕೊಟ್ಟಿತು, ಲೇನಿನಲ್ಲಿ ಬಸ್ಸುಗಳು ರೈಲಿನಂತೆ ಸಾಲುಗಟ್ಟಿದವು, ಮೇಯರ್ ಕ್ಷಮೆ ಕೇಳಬೇಕಾಯಿತು. ರಸ್ತೆ ತೆಗೆಯುವುದಾದರೆ ಬದಲಿಗೆ ಬಸ್ ಬೇಕು ಅಂತ ಅವರಿಗೆ ಗೊತ್ತಿತ್ತು. ಆಮೇಲೆ ವ್ಯವಸ್ಥೆ ಸರಿಹೋಯಿತು. ಅವರು ದೇಶದ ಅಧ್ಯಕ್ಷರೂ ಆದರು.

---

ಬಾಗಿಲು ಬೀದಿಗೆ:

ನನ್ನದು ದೊಡ್ಡ ರಸ್ತೆಯಲ್ಲೇ ಅಂಗಡಿ. ಬಸ್ ಲೇನ್ ಅಂದ ಕೂಡಲೇ ನನಗೆ ಎದೆ ಧಸಕ್ ಅನ್ನುತ್ತದೆ. ಬಾಗಿಲ ಮುಂದೆ ಗಾಡಿ ನಿಲ್ಲದಿದ್ದರೆ ಗಿರಾಕಿ ಮುಂದಕ್ಕೆ ಹೋಗುತ್ತಾನೆ ಅಂತಲೇ ಇಷ್ಟು ವರ್ಷ ನಂಬಿದ್ದೆ. ನಮ್ಮ ಮಗಳು "ಎಣಿಸಿ ನೋಡು ಅಪ್ಪಾ" ಅಂತ ಒಂದು ಶನಿವಾರ ನೋಟ್‌ಬುಕ್ ಕೊಟ್ಟಳು. ಒಳಗೆ ಬಂದವರು 61 ಜನ. ಕಾರಿನಲ್ಲಿ ಬಂದವರು 9. ಬಾಗಿಲ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತಿದ್ದ ಎರಡು ಕಾರುಗಳಲ್ಲಿ ಒಂದು ಪಕ್ಕದ ಅಂಗಡಿಯವರದು. ಇನ್ನೊಂದು ನನ್ನದೇ.

ಇದು ನನ್ನೊಬ್ಬನ ಭ್ರಮೆ ಅಲ್ಲವಂತೆ. ಬ್ರಿಟನ್ನಿನ ಬ್ರಿಸ್ಟಲ್ ಊರಿನಲ್ಲೂ ಅಂಗಡಿಯವರು ತಮ್ಮ ಗಿರಾಕಿಗಳಲ್ಲಿ ನೂರಕ್ಕೆ 41 ಜನ ಕಾರಿನಲ್ಲಿ ಬರುತ್ತಾರೆ ಅಂದುಕೊಂಡಿದ್ದರು. ಗಿರಾಕಿಗಳನ್ನೇ ಕೇಳಿದರೆ 22.

ಆದರೂ ಒಂದು ಮಾತು. ಸರಕು ಇಳಿಸುವ ವ್ಯಾನಿಗೆ ಜಾಗ ಬೇಕೇ ಬೇಕು. ಬೆಳಿಗ್ಗೆ ಒಂದು ಗಂಟೆ ಹೊತ್ತು ಅಂತಲಾದರೂ ಗೊತ್ತು ಮಾಡಲಿ. ಆ ಟೀಚರ್ ಅದರ ಬಗ್ಗೆ ಏನೂ ಬರೆದಿಲ್ಲದಿದ್ದರೆ ನನ್ನ ವೋಟು ಸದ್ಯಕ್ಕೆ ಇಲ್ಲ.

---

ಠೇವಣಿ ಉಳಿಸಿಕೊಂಡವನು:

ನಾನು ಒಂದು ಸಲ ವಾರ್ಡಿಗೆ ನಿಂತು ಸೋತವನು. ಅದರ ಅನುಭವದಿಂದ ಹೇಳುತ್ತೇನೆ. ಕರಪತ್ರದಲ್ಲಿ ಕ್ರಿಯಾಪದ ನೋಡಿ. "ಕಟ್ಟುತ್ತೇನೆ", "ಓಡಿಸುತ್ತೇನೆ" ಅಂತ ಇದ್ದರೆ, ಅದು ನಗರಸಭೆಯ ಕೈಯಲ್ಲಿ ಇದೆಯಾ ಅಂತ ಮೊದಲು ಕೇಳಿ. ಬಹಳ ಕಡೆ ಬಸ್ಸು ಮೇಲಿನ ಸರ್ಕಾರದ್ದು ಅಥವಾ ಖಾಸಗಿಯವರದು. ಇಂಗ್ಲೆಂಡಿನಲ್ಲಿ ಲಂಡನ್ ಬಿಟ್ಟು ಉಳಿದ ಕಡೆ 1986ರಿಂದ ಬಸ್ ಕಂಪನಿಗಳೇ ರೂಟು, ದರ ನಿರ್ಧರಿಸುತ್ತಿದ್ದವು. ಗ್ರೇಟರ್ ಮ್ಯಾಂಚೆಸ್ಟರ್ 2023ರಿಂದ 2025ರ ಒಳಗೆ ಹಂತ ಹಂತವಾಗಿ ಅದನ್ನು ವಾಪಸ್ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಅಲ್ಲಿಯವರೆಗೆ ಯಾವ ಕೌನ್ಸಿಲರ್ "ನಿಮ್ಮ ಬೀದಿಗೆ ಬಸ್ ತರ್ತೀನಿ" ಅಂದರೂ ಅದರ ಅರ್ಥ "ಕಂಪನಿಯವರನ್ನು ಕೇಳಿ ನೋಡ್ತೀನಿ" ಅಂತ.

ಫುಟ್‌ಪಾತ್, ದೀಪ, ಒಳರಸ್ತೆ, ಬಸ್ ಸ್ಟಾಪಿನ ಚಾವಣಿ, ಪಾರ್ಕಿಂಗ್ ಇಂಥವು ಸಾಮಾನ್ಯವಾಗಿ ಸ್ಥಳೀಯರ ಕೈಯಲ್ಲಿರುತ್ತವೆ. ಇವನ್ನು ಚಿಲ್ಲರೆ ಅನ್ನಬೇಡಿ. ಅಮೆರಿಕದಲ್ಲಿ ಹೊಬೊಕೆನ್ ಅಂತ ಸುಮಾರು 60,000 ಜನರ ಊರು. ರಸ್ತೆ ಕೂಡುವ ಮೂಲೆಗಳಲ್ಲಿ ಗಾಡಿ ನಿಲ್ಲದಂತೆ ಮಾಡುತ್ತಾ ಬಂದರು. ಮೂಲೆ ಖಾಲಿ ಇದ್ದರೆ ದಾಟುವವರು ಚಾಲಕರಿಗೆ ಕಾಣುತ್ತಾರೆ, ಅಷ್ಟೇ ತಂತ್ರ. ಜೊತೆಗೆ ವೇಗದ ಮಿತಿ ಇಳಿಸಿದರು, ದಾಟುವ ಜಾಗ ಸರಿ ಮಾಡಿದರು. 2017ರಿಂದ ಏಳು ವರ್ಷ ಆ ಊರಿನಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ನಿಮ್ಮ ಟೀಚರ್ ಹಾಳೆಯ ಎರಡನೇ ಸಾಲು ಅದೇ ಅಲ್ವಾ?

"ಆರು ತಿಂಗಳ ಪ್ರಯೋಗ" ಅನ್ನುವುದೂ ನನಗೆ ಹಿಡಿಸಿತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2005ರಲ್ಲಿ ಊರೊಳಗೆ ಬರುವ ಗಾಡಿಗೆ ಶುಲ್ಕ ಹಾಕೋಣವಾ ಅಂತ ಜನರನ್ನು ಮೊದಲೇ ಕೇಳಿದರು, ಸುಮಾರು ಮುಕ್ಕಾಲು ಪಾಲು ಬೇಡ ಅಂದರು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅಂಥದೇ ಶುಲ್ಕವನ್ನು 2006ರ ಜನವರಿಯಿಂದ ಜುಲೈವರೆಗೆ ಹಾಕಿ ತೋರಿಸಿ, ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಕೇಳಿದರು. ಶುರುವಿನಲ್ಲಿ ಅಲ್ಲೂ ವಿರೋಧವೇ ಜಾಸ್ತಿ ಇತ್ತು. ಗಾಡಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆಯಿತು. ಊರಿನವರು ಸಣ್ಣ ಅಂತರದಲ್ಲಿ ಹೌದು ಅಂದರು, 2007ರಿಂದ ಅದು ಖಾಯಂ. ಜನರಿಗೆ ಭಯ ಇರುವುದು ನಾಳೆ ಏನಾಗುತ್ತದೋ ಅಂತ. ನಾಳೆಯನ್ನು ಒಂದು ಸಲ ತೋರಿಸಿದರೆ ಮಾತುಕತೆಯೇ ಬೇರೆ.

ನಾನು ಯಾಕೆ ಸೋತೆ ಅಂತ ಕೇಳಬೇಡಿ. ನನ್ನದು ಫ್ಲೈಓವರ್ ಕರಪತ್ರ. ಎದುರಾಳಿಯದು ಎರಡು ಫ್ಲೈಓವರ್.

---

ಬಸ್ಸಿಗೆ ಕಾಯುವವಳು ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬಂದಿದ್ದೇನೆ, ಯಾಕೆಂದರೆ ಎಲ್ಲರನ್ನೂ ಕೇಳಿಯೇ ಬರೆಯೋಣ ಅಂತ.

ಮೊದಲನೆಯವರು ಬರಲೇ ಇಲ್ಲ, ಅವರ ದನಿ ಆಟೋದಲ್ಲಿ ಬಂತು. ಎರಡನೆಯವರ ಕಡೆಯ ಹುಡುಗನನ್ನು "ನಮ್ಮ ರೂಟಿಗೆ ಈಗ ಎಷ್ಟು ಬಸ್?" ಅಂದೆ. "ಬೇಕಾದಷ್ಟು ಮಾಡ್ತಾರೆ ಅಕ್ಕಾ" ಅಂದ. ಟೈಂಕೀಪರ್ ಸಾರ್, ನೀವು ಹೇಳಿದ್ದು ನಿಜ, ಎರಡನೇ ಪ್ರಶ್ನೆ ಬೇಕಾಗಲಿಲ್ಲ. ಮೂರನೆಯವರು ಕೂತು ಮಾತಾಡಿದರು, ಅದಕ್ಕೆ ಮೆಚ್ಚುಗೆ ಇದೆ. ಆದರೆ ರಸ್ತೆ ಅಗಲ ಆದರೆ ಅಪ್ಪ ದಾಟಬೇಕಾದ ದೂರವೂ ಜಾಸ್ತಿ ಆಗುತ್ತದೆ ಅಲ್ವಾ ಅಂದಾಗ ಹೊರಗೆ ಬಿಟ್ಟ ಚಪ್ಪಲಿ ಕಡೆ ನೋಡಿದರು.

ಟೀಚರ್ ಒಬ್ಬರೇ ಬಂದರು, ಛತ್ರಿ ಹಿಡಿದು. ಸರಕಿನ ವ್ಯಾನಿನ ಬಗ್ಗೆ ಕೇಳಿದೆ. ಅದು ಅವರಿಗೆ ಹೊಳೆದೇ ಇರಲಿಲ್ಲ, ಜೆರಾಕ್ಸ್ ಹಾಳೆಯ ಹಿಂದೆ ಬರೆದುಕೊಂಡರು. ಬಸ್ ಲೇನ್ ನಗರಸಭೆಯ ಕೈಯಲ್ಲಿ ಇದೆಯಾ ಅಂದೆ. "ಪೂರ್ತಿ ಇಲ್ಲಮ್ಮ, ಪೊಲೀಸರು ಒಪ್ಪಬೇಕು, ಬಸ್ಸಿನವರು ಒಪ್ಪಬೇಕು" ಅಂದರು. ಆ ಮಾತು ಹಾಳೆಯಲ್ಲಿ ಯಾಕಿಲ್ಲ ಅಂದದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಜಾಗ ಇರಲಿಲ್ಲ" ಅಂದರು. ಜಾಗ ಇತ್ತು. ಕೆಳಗೆ ನಾಲ್ಕು ಬೆರಳು ಖಾಲಿ ಇದೆ. ಅದಕ್ಕೇ ನಾನಿನ್ನೂ ಪೂರ್ತಿ ತೀರ್ಮಾನ ಮಾಡಿಲ್ಲ.

ಆಮೇಲೆ ಸಿಗ್ನಲ್ ನೋಡಬೇಕು ಅಂದರು. ಮೂವರೂ ಹೋದೆವು. ಅಪ್ಪ ದಾಟಿದರು, ನಾನು ಎಂದಿನ ಹಾಗೆ ಕೈ ಅಡ್ಡ ಹಿಡಿದೆ. ಆಚೆ ಬದಿ ಮುಟ್ಟಿ ತಿರುಗಿ ನೋಡಿದರೆ ಟೀಚರ್ ಈ ಬದಿಯಲ್ಲೇ ನಿಂತು ವಾಚನ್ನು ಅಲುಗಾಡಿಸುತ್ತಿದ್ದಾರೆ. ಸೆಕೆಂಡ್ ಎಣಿಸಲು ವಾಚಿನ ಗುಂಡಿ ಒತ್ತುವುದು ಮರೆತಿದ್ದರಂತೆ. "ಇನ್ನೊಂದು ಸಲ ದಾಟ್ತೀರಾ?" ಅಂತ ಅಲ್ಲಿಂದಲೇ ಕೂಗಿದರು.

ಅಪ್ಪ ಕೋಲು ಎತ್ತಿ, ಗಾಡಿಗಳ ಸದ್ದಿನ ಮೇಲೆ ಕೇಳುವ ಹಾಗೆ ಕೂಗಿದರು: "ಬೇಡ ತಾಯಿ, ವೋಟೇ ಹಾಕ್ತೀನಿ ಬಿಡಿ!"